ಹೂಂ ಅನ್ನಬೇಕಾದವಳು

ನನ್ನನ್ನು ಕೊನೆಯ ಬೆಂಚಿನಲ್ಲಿ ಕೂರಿಸಿದರು. ನಾನು ಕೂತೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಯಾರೂ ನನ್ನ ರಟ್ಟೆ ಹಿಡಿದು ಎಳೆದೊಯ್ಯಲಿಲ್ಲ. ನಾನೇ ನಡೆದು ಹೋಗಿ ಕೂತೆ.

ಅದೇ ಕೋಣೆಯಲ್ಲಿ ಮೂರು ವರ್ಷದಿಂದ ನಾನು ಪಾಠ ಮಾಡುತ್ತಿದ್ದೆ. ವಿಜಯಪುರದ ಹೊರಗಿನ ಒಂದು ವಿಶ್ವವಿದ್ಯಾಲಯ, ಕನ್ನಡ ವಿಭಾಗ, ನಾಲ್ಕನೆಯ ವರ್ಷದ ಆನರ್ಸ್. ಹನ್ನೊಂದು ಮಂದಿ ವಿದ್ಯಾರ್ಥಿಗಳು. ಜಾನಪದದ ಪಾಠ ನನ್ನದು. ಅವರ ಸಂಶೋಧನಾ ಪ್ರಬಂಧಗಳನ್ನು ಸಾಲು ಸಾಲು ತಿದ್ದುವ ಕೆಲಸವೂ ನನ್ನದು. ನನ್ನ ಹೆಸರು ಸಮ್ರೀನ. ಹುದ್ದೆ, ಅತಿಥಿ ಉಪನ್ಯಾಸಕಿ.

ನಮ್ಮ ಮನೆಯಲ್ಲಿ ಅತಿಥಿ ಬಂದರೆ ಮೊದಲು ನೀರು ಕೊಡುತ್ತೇವೆ, ಆಮೇಲೆ ಕೂರಲು ಜಾಗ. ಇಲ್ಲಿ ಅತಿಥಿಗೆ ಕುರ್ಚಿ ಇರಲಿಲ್ಲ. ವಿಭಾಗದ ಕೋಣೆಯಲ್ಲಿ ಐದು ಕುರ್ಚಿಗಳಿದ್ದವು. ಐದರ ಬೆನ್ನಿಗೂ ಹೆಸರಿನ ಚೀಟಿ. ಮೂರರ ಮೇಲೆ ಯಾರೂ ಕೂರುತ್ತಿರಲಿಲ್ಲ, ಆದರೂ ಚೀಟಿ ಇತ್ತು. ನಾವು ಅತಿಥಿಗಳು ನಾಲ್ಕು ಮಂದಿ ಮೆಟ್ಟಿಲ ಕೆಳಗೆ ಕೂರುತ್ತಿದ್ದೆವು. ಅಲ್ಲಿ ಹಳೆಯ ಉತ್ತರ ಪತ್ರಿಕೆಗಳ ಗಂಟುಗಳಿದ್ದವು. ಅವುಗಳ ಮೇಲೆ ಕೂತು ಬುತ್ತಿ ಬಿಚ್ಚುವುದು. ಮೊದಲ ವಾರ ನಾನು ನಿಂತೇ ಉಂಡೆ. ಮಕ್ಕಳ ಅಕ್ಷರದ ಮೇಲೆ ಹೇಗೆ ಕೂರುವುದು ಅನಿಸಿತ್ತು. ಒಂಬತ್ತು ವರ್ಷದಿಂದ ಅಲ್ಲೇ ಕೂತಿದ್ದ ಸುಧಾರಾಣಿ ಅಕ್ಕ ನಕ್ಕಿದ್ದಳು.

"ಕುಂದರಬೇ. ಎಲ್ಲಾ ಫೇಲ್ ಆದವರ ಪೇಪರ್ ಅವು. ಅವರ ಏನೂ ಅನ್ನಂಗಿಲ್ಲ."

ಆದರೆ ಊರಲ್ಲಿದ್ದ ನನ್ನ ಅಜ್ಜಿ ನಾನಿಯ ಮುಂದೆ ನಾನು ಬೇರೆ ಹೇಳಿದ್ದೆ. ನನಗೊಂದು ಕುರ್ಚಿ ಇದೆ ಎಂದಿದ್ದೆ. ಗಾಲಿ ಇದೆ, ತಿರುಗುತ್ತದೆ, ಬೆನ್ನಿಗೆ ಮೆತ್ತೆ ಇದೆ ಎಂದಿದ್ದೆ. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಅವಳು ಕಣ್ಣರಳಿಸಿ ಕೇಳುತ್ತಿದ್ದಳು, ನನ್ನ ಬಾಯಲ್ಲಿ ಅದು ತಾನಾಗಿ ಬೆಳೆಯಿತು. ಪ್ರತಿ ಭಾನುವಾರ ನಾನು ತಿಕೋಟಾಕ್ಕೆ ಹೋದಾಗ ಅವಳ ಮೊದಲ ಮಾತು, "ಕುರ್ಚಿ ಹೆಂಗೈತಿ?" ಎಮ್ಮೆಯ ಯೋಗಕ್ಷೇಮ ಕೇಳಿದ ಹಾಗೆ.

ನಾನಿ ಎಂದರೆ ನನ್ನ ತಾಯಿಯ ತಾಯಿ, ರಾಜಬಿ. ತಾಯಿ ಇಲ್ಲದ ನನ್ನನ್ನು ಬೆಳೆಸಿದವಳು. ತಿಕೋಟಾದ ಒಂದು ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದಾಳೆ. ಒಣಗಿದ ದ್ರಾಕ್ಷಿಯನ್ನು ತಾಡಪತ್ರಿಯ ಮೇಲೆ ಸುರಿಯುತ್ತಾರೆ. ದೇಟು ಕೀಳಬೇಕು. ಕಪ್ಪಾದದ್ದನ್ನು ತೆಗೆಯಬೇಕು. ಹಸಿರು ಬೇರೆ, ಹಳದಿ ಬೇರೆ. ಬೆಳಗಿನಿಂದ ಸಂಜೆಯ ತನಕ ಅದೇ. ಮೊಣಕಾಲು ಮಡಿಚಿದ್ದು ಮಡಿಚಿದ ಹಾಗೆಯೇ ಗಟ್ಟಿಯಾಗಿದೆ. ಬೆರಳ ತುದಿಗೆ ರೇಖೆಗಳೇ ಉಳಿದಿಲ್ಲ. ರೇಶನ್ ಅಂಗಡಿಯ ಮಶೀನು ಅವಳ ಹೆಬ್ಬೆರಳನ್ನು ಗುರುತಿಸುವುದಿಲ್ಲ. ಬಣ್ಣ ಕೆಡದಿರಲಿ ಎಂದು ದ್ರಾಕ್ಷಿಗೆ ಗಂಧಕದ ಹೊಗೆ ಹಾಕುತ್ತಾರಲ್ಲ, ಆ ವಾಸನೆ ಅವಳ ಕೈ ಬಿಟ್ಟು ಹೋಗುವುದಿಲ್ಲ. ನನ್ನ ಬಾಲ್ಯದ ವಾಸನೆ ಅದು. ನನಗೆ ಹೂವಿನ ವಾಸನೆಗಿಂತ ಅದರಲ್ಲಿ ನಿದ್ದೆ ಬರುತ್ತದೆ.

ಒಂದು ದಿನವೂ ನನ್ನನ್ನು ಆ ರಾಶಿ ಮುಟ್ಟಗೊಟ್ಟಿಲ್ಲ. ಕೈ ಹಾಕಿದರೆ ಹೊಡೆಯುತ್ತಿದ್ದಳು. "ನಿನ್ನ ಕೈ ಇದಕ್ಕಲ್ಲ."

ಅವಳ ಹತ್ತಿರ ಕಥೆಗಳಿದ್ದವು. ಬಿಜ್ಜರಗಿಯಲ್ಲಿ ಹುಡುಗಿಯಾಗಿದ್ದಾಗ ಕುರಿ ಕಾಯುವವರ ಜೊತೆ ಅಡವಿ ತಿರುಗಿ ಕಲಿತ ಕಥೆಗಳು. ಎಲ್ಲಾ ಕನ್ನಡದವು. ಅವಳ ಕಥೆಗೆ ಒಂದು ಕಟ್ಟಳೆ ಇತ್ತು. ಕೇಳುವವರಲ್ಲಿ ಒಬ್ಬರು ಹೂಂ ಅನ್ನಬೇಕು. ಒಂದು ಮಾತಿಗೆ ಒಂದು ಹೂಂ. ಹೂಂ ನಿಂತರೆ ಕಥೆ ನಿಲ್ಲುತ್ತದೆ. ಯಾರು ಬೇಕಾದರೂ ಅನ್ನುವಂತಿಲ್ಲ. ಅವಳ ಹೂಂ ನಾನು. ಮಾತು ಬರುವ ಮೊದಲೇ ನನಗೆ ಹೂಂ ಬಂದಿತ್ತಂತೆ. "ಹೂಂ ಇಲ್ಲದ ಕಥಿ ಗಾಳ್ಯಾಗ ತಿರಗತೈತಿ, ಅದಕ್ಕ ಮನಿ ಸಿಗಂಗಿಲ್ಲ" ಅನ್ನುತ್ತಿದ್ದಳು. ನಾನು ನಂಬಿದ್ದೆ. ಬೇವಿನ ಮರ ಅಲುಗಿದರೆ ಮನೆಯಿಲ್ಲದ ಯಾವುದೋ ಕಥೆ ಬಂದು ಕೂತಿದೆ ಎಂದುಕೊಳ್ಳುತ್ತಿದ್ದೆ. ಈಗಲೂ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ.

ನನಗೆ ಎಂಟನೆಯವಳ ಕಥೆ ಹೆಚ್ಚು ಪ್ರೀತಿ. ಒಬ್ಬ ರಾಜನಿಗೆ ಏಳು ಜನ ರಾಣಿಯರು. ಅವರ ಕೈಯಡುಗೆ ಎಂದರೆ ದೇಶದೇಶದಲ್ಲಿ ಹೆಸರು. ಆದರೆ ಅಡುಗೆ ಮಾಡುವವಳು ಎಂಟನೆಯವಳು. ಅವಳು ಅರಮನೆಯ ಪಾವಟಿಗೆಯ ಕೆಳಗೆ, ಮೆಟ್ಟಿಲ ಕತ್ತಲಲ್ಲಿ ಇರುತ್ತಾಳೆ. ಒಂದು ದಿನ ದೂರದ ಸರದಾರ ಊಟಕ್ಕೆ ಬಂದ. ತುತ್ತು ಬಾಯಿಗಿಟ್ಟು, ಉಪ್ಪು ಕಡಿಮೆ, ಸ್ವಲ್ಪ ತನ್ನಿ ಎಂದ. ಏಳು ಜನ ರಾಣಿಯರು ಒಬ್ಬರ ಮುಖ ಒಬ್ಬರು ನೋಡಿದರು. ಉಪ್ಪಿನ ಗಡಿಗೆ ಎಲ್ಲಿದೆ ಎಂದು ಒಬ್ಬಳಿಗೂ ಗೊತ್ತಿಲ್ಲ. ಆಗ ಎಂಟನೆಯವಳು ಮುಷ್ಟಿ ತುಂಬ ಉಪ್ಪು ಹಿಡಿದು ಮೆಟ್ಟಿಲೇರಿ ಮೇಲೆ ಬರುತ್ತಾಳೆ. ರಾಜ ನಾಚುತ್ತಾನೆ. ಅವಳನ್ನು ಪಟ್ಟದ ರಾಣಿ ಮಾಡುತ್ತಾನೆ. ಅವಳು ಮೆಟ್ಟಿಲೇರುವಾಗ ನನ್ನ ಹೂಂ ಬಲು ಜೋರಾಗುತ್ತಿತ್ತು.

ಇಂಥ ನಲವತ್ತೆರಡು ಕಥೆಗಳನ್ನು ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಧ್ವನಿಮುದ್ರಣ ಮಾಡಿಕೊಂಡೆ. ಹೂಂ ಸಮೇತ. ಕೂತು ಬರೆದೆ. ವಿಭಾಗದ ಮುಖ್ಯಸ್ಥರು ಡಾ. ಮಲ್ಲಿನಾಥ, ಅವರಿಗೆ ಓದಲು ಕೊಟ್ಟೆ. ಒಂದು ವರ್ಷದ ಮೇಲೆ ಅದು ಅವರ ಸಂಶೋಧನೆಯಾಗಿ ಅಚ್ಚಾಗಿ ಬಂತು. ಸಂಗ್ರಹ, ಡಾ. ಮಲ್ಲಿನಾಥ. ಧ್ವನಿ ಇದ್ದ ಪೆನ್‌ಡ್ರೈವ್ ನನ್ನ ಬ್ಯಾಗಿನಲ್ಲೇ ಉಳಿಯಿತು. ಅವರಿಗೆ ಅಕ್ಷರ ಸಾಕಾಗಿತ್ತು. ನಾನು ಏನೂ ಕೇಳಲಿಲ್ಲ. ಮರು ವರ್ಷ ಯಾರನ್ನು ಮುಂದುವರಿಸಬೇಕೆಂಬ ಯಾದಿ ಜೂನ್‌ನಲ್ಲಿ ಅವರ ಕೈಯಿಂದ ಹೋಗುತ್ತದೆ. ಕೇಳುವುದು ಹೇಗೆ.

ಏಪ್ರಿಲ್‌ನಲ್ಲಿ ಕಮಿಟಿ ಬರುವುದೆಂದಾಯಿತು. ಆನರ್ಸ್ ಮುಂದುವರಿಯಬೇಕೋ ಬೇಡವೋ ಎಂದು ನೋಡುವವರು. ಹಿಂದಿನ ದಿನ ಮಲ್ಲಿನಾಥ ಸರ್ ನಮ್ಮನ್ನು ಕರೆದರು. ಮೂರು ವರ್ಷದಲ್ಲಿ ಮೊದಲ ಸಲ ಕೋಣೆಯೊಳಗೆ ಚಹಾ ಕೊಟ್ಟರು. ನಿಂತು ಕುಡಿದೆವು.

"ನೋಡ್ರಿ, ನೀವೆಲ್ಲಾ ನಮ್ಮ ಮನಿ ಮಂದಿ. ನಿಮ್ಮ ಮುಂದ ಏನ್ ಮುಚ್ಚೂದು. ಆನರ್ಸ್‌ಗೆ ಖಾಯಂ ಮಾಸ್ತರ್ ಬೇಕಂತಾರ. ನಾವಿರೂದು ಇಬ್ಬರು. ಮೂರ ಮಂದೀನ ನಮ್ಮ ಬ್ಯಾರೆ ಕಾಲೇಜಿಂದ ನಾಳಿಗಿ ಒಂದ ದಿನಕ್ಕ ಕರಸೇವಿ. ಅವರು ಕುರ್ಚ್ಯಾಗ ಕುಂದರತಾರ."

"ನಾವು ಮನ್ಯಾಗ ಇರೂಣೇನ್ರಿ?" ಎಂದು ಸುಧಾರಾಣಿ ಅಕ್ಕ ಕೇಳಿದಳು.

"ಛೆ, ಮನ್ಯಾಗ ಯಾಕ. ಹುಡುಗರ ಸಂಖ್ಯಾನೂ ಕಡಿಮಿ ಐತಿ. ಸಮ್ರೀನ ಮೇಡಂ, ನೀವು ಬಿಳಿ ಓಢಣಿ ಹಾಕ್ಕೊಂಡು ಹುಡುಗೂರ ಜೋಡಿ ಕುಂದರ್ರಿ. ಇನ್ನಾ ಹುಡುಗಿ ಹಂಗ ಕಾಣತೀರಿ. ಕೇಳಿದ್ರ ವಿದ್ಯಾರ್ಥಿನಿ ಅನ್ರಿ. ಸುಧಾರಾಣಿ ಮೇಡಂ, ನೀವು ಅಡಿಗಿ ಕಡೆ ನೋಡ್ಕೋರಿ. ಹೋಳಿಗಿ ಬಿಸಿ ಇರಲಿ."

ಮೆಟ್ಟಿಲ ಕೆಳಗೆ ಬಂದ ಮೇಲೆ ಸುಧಾರಾಣಿ ಅಕ್ಕ ಬ್ಯಾಗಿನ ಸಣ್ಣ ಕನ್ನಡಿ ತೆಗೆದು ತಲೆ ನೋಡಿಕೊಂಡಳು. "ಕೂದಲಾ ಬೆಳ್ಳಗಾಗಿದ್ದು ಚಲೋ ಆತು ಬೇ. ಇಲ್ಲಾಂದ್ರ ನನಗೂ ಜಡಿ ಹಾಕಸತಿದ್ರು." ನಕ್ಕಳು. ಆಮೇಲೆ ಕನ್ನಡಿ ಒಳಗಿಡಲಿಲ್ಲ. ಹಿಡಿದುಕೊಂಡೇ ಕೂತಳು.

ಮರುದಿನ ವಿದ್ಯಾರ್ಥಿನಿಯರ ಹಾಗೆ ಬಿಳಿ ಓಢಣಿ ಹಾಕಿಕೊಂಡು ಹೋದೆ. ನನ್ನ ವಿದ್ಯಾರ್ಥಿನಿ ಲಕ್ಷ್ಮಿಯ ಪಕ್ಕದಲ್ಲಿ ಜಾಗ. ಅವಳು ಎದ್ದು ನಿಂತಳು. "ಕುಂದರ್ಬೇ" ಎಂದೆ. ಕೂತಳು. ಬೆಂಚಿನ ತುದಿಗೆ ಸರಿದಳು, ತಪ್ಪು ಅವಳು ಮಾಡಿದ ಹಾಗೆ.

ಕಮಿಟಿಯವರು ಮೂವರು ಬಂದು ಮುಂದಿನ ಸಾಲಿನ ಸೋಫಾದಲ್ಲಿ ಕೂತರು. ಪಕ್ಕದಲ್ಲಿ ವಿಭಾಗದ ಐದು ಕುರ್ಚಿ ತಂದು ಹಾಕಿದ್ದರು. ಎರವಲು ತಂದ ಮೇಷ್ಟ್ರು ಒಬ್ಬರು ನನ್ನ ಪಾಠ ಶುರು ಮಾಡಿದರು. ಚಾಕ್‌ಪೀಸಿಗೆ ಮೇಜಿನ ಖಾನೆ ಎಳೆದರು, ಕಿಟಕಿ ನೋಡಿದರು. ಅದು ಕಪಾಟಿನ ಮೇಲಿನ ಬಿಸ್ಕೀಟ್ ಡಬ್ಬಿಯಲ್ಲಿರುತ್ತದೆ. ಹನ್ನೊಂದು ಮಂದಿಗೂ ಗೊತ್ತು. ಯಾರೂ ಹೇಳಲಿಲ್ಲ. ಅವರು ಬೋರ್ಡಿನ ಮೇಲೆ ಬರೆಯದೆಯೇ ಮುಗಿಸಿದರು.

ಆಮೇಲೆ ಮಲ್ಲಿನಾಥ ಸರ್ ಎದ್ದರು. "ನಮ್ಮ ಆನರ್ಸ್‌ನ ವಿಶೇಷವೆಂದರೆ ಜನರ ನಡುವಿನ ಕಲಿಕೆ. ನಾನು ಹಳ್ಳಿಹಳ್ಳಿ ತಿರುಗಿ ಹುಡುಕಿದ ಒಬ್ಬ ಕಥೆಗಾರ್ತಿಯನ್ನು ಇವತ್ತು ನಿಮ್ಮ ಮುಂದೆ ತಂದಿದ್ದೇನೆ."

ಬಾಗಿಲಲ್ಲಿ ನಾನಿ ನಿಂತಿದ್ದಳು.

ನನಗೆ ಗೊತ್ತಿರಲಿಲ್ಲ. ಕಥೆಗಳ ಜೊತೆ ನಾನು ಬರೆದುಕೊಟ್ಟಿದ್ದ ಅವಳ ನಂಬರ್ ನೋಡಿ ಮಲ್ಲಿನಾಥ ಸರ್ ಫೋನ್ ಮಾಡಿದ್ದರು. ಮೊಮ್ಮಗಳ ಕಾಲೇಜಿಗೆ ಬರ್ರಿ, ಆಕಿಗಿ ಹೇಳಬ್ಯಾಡ್ರಿ, ಖುಷಿ ಪಡತಾಳ ಎಂದಿದ್ದರಂತೆ. ಕಾರು ಕಳಿಸಿದ್ದರು. ಅವಳು ಈದ್ ಹಬ್ಬದ ಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿ ಸ್ಟೀಲಿನ ಡಬ್ಬಿ. ಅದರ ತುಂಬ ಒಂದೇ ಅಳತೆಯ, ಒಂದೇ ಹಸಿರಿನ ಮಣೂಕ ಇರುತ್ತದೆಂದು ನನಗೆ ನೋಡದೆಯೂ ಗೊತ್ತಿತ್ತು.

ಅವಳಿಗೆ ಕುರ್ಚಿ ಕೊಡಲಿಲ್ಲ. ನೆಲಕ್ಕೆ ಚಾಪೆ ಹಾಸಿದ್ದರು. ಪಕ್ಕಕ್ಕೊಂದು ಬೀಸುಕಲ್ಲು, ಒಂದು ಮೊರ. ಹಳ್ಳಿ ಕಾಣಬೇಕಲ್ಲ. ಅವಳು ತನ್ನ ಗಟ್ಟಿಯಾದ ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಳು. ಹಿಂದಿನ ಪರದೆಯ ಮೇಲೆ ಅವಳ ಫೋಟೋ ಮೂಡಿತು. ಕೆಳಗೆ ದೊಡ್ಡ ಅಕ್ಷರದಲ್ಲಿ ಹೆಸರು. ರಾಜವ್ವ, ತಿಕೋಟಾ.

ರಾಜಬಿ ಅಲ್ಲ. ರಾಜವ್ವ.

ನಾನಿಗೆ ಓದು ಬರುವುದಿಲ್ಲ. ತನ್ನ ಫೋಟೋ ನೋಡಿ ನಕ್ಕಳು. ಆಮೇಲೆ ಅವಳ ಕಣ್ಣು ಕೋಣೆಯ ತುಂಬ ಓಡಾಡಿತು. ಮೊದಲು ಕುರ್ಚಿಗಳ ಕಡೆ. ಐದು ಕುರ್ಚಿ, ಒಂದರಲ್ಲೂ ನಾನು ಇಲ್ಲ. ಮತ್ತೊಮ್ಮೆ ನೋಡಿದಳು. ಆಮೇಲೆ ಬೆಂಚುಗಳು. ಕೊನೆಯ ಬೆಂಚಿನಲ್ಲಿ ನನ್ನನ್ನು ಕಂಡಳು. ಅವಳ ಮುಖ ಅರಳಿತು.

"ಒಬ್ಬ ರಾಜ ಇದ್ದ," ಎಂದಳು.

ಕಾದಳು.

"ಹೂಂ, ಹೇಳಮ್ಮ," ಎಂದರು ಮಲ್ಲಿನಾಥ ಸರ್.

"ನೀವ ಬ್ಯಾಡ್ರಿ ಸರ. ಹೂಂ ಅನ್ನಾಕಿ ಅದಾಳ."

ಕಮಿಟಿಯ ಅಧ್ಯಕ್ಷರು ನಕ್ಕರು. "ಯಾರಮ್ಮ?"

ನಾನಿ ನನ್ನನ್ನೇ ನೋಡುತ್ತಿದ್ದಳು. "ಒಬ್ಬ ರಾಜ ಇದ್ದ," ಎಂದಳು ಮತ್ತೊಮ್ಮೆ. ಸ್ವಲ್ಪ ಜೋರಾಗಿ, ಕೇಳಿಸಲಿಲ್ಲವೇನೋ ಎಂದು.

ಒಂದು ಅಕ್ಷರ. ಬಾಯಿ ತೆರೆಯುವುದೂ ಬೇಕಿಲ್ಲ. ಮುಚ್ಚಿದ ತುಟಿಯಲ್ಲೇ ಬರುವ ಸದ್ದು ಅದು. ಮಲ್ಲಿನಾಥ ಸರ್ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಜೂನ್ ಇತ್ತು. ಲಕ್ಷ್ಮಿ ಡೆಸ್ಕಿನ ಕೆಳಗೆ ನನ್ನ ಕೈ ಹಿಡಿದಳು. ಹೂಂ ನನ್ನ ಗಂಟಲ ತನಕ ಬಂತು.

ನಾನು ತಲೆ ಬಗ್ಗಿಸಿದೆ.

ಡೆಸ್ಕಿನ ಮೇಲೆ ಯಾರೋ ಚಾಕುವಿನಿಂದ ಕೊರೆದ ಒಂದು ಹೂವಿತ್ತು. ಅದನ್ನೇ ನೋಡುತ್ತಾ ಕೂತೆ.

"ಮುಂದುವರಿಸು ತಾಯಿ, ರಾಜನಿಗೆ ಏಳು ಜನ ರಾಣಿಯರು..." ಎಂದು ಸರ್ ಎತ್ತಿಕೊಟ್ಟರು.

"ಇಲ್ರಿ," ಎಂದಳು ನಾನಿ. ಧ್ವನಿ ಸಣ್ಣಗಾಗಿತ್ತು. "ಹೂಂ ಅನ್ನಾಕಿ ಬಂದಿಲ್ಲ. ನಾ ಬ್ಯಾರೆ ಯಾರನ್ನೋ ನೋಡಿ ಆಕೀನ ಅಂತ ತಿಳಕೊಂಡೆ. ಕಣ್ಣ ಮಂಜಾಗ್ಯಾವ್ರಿ."

ಬೀಸುಕಲ್ಲಿನ ಗೂಟ ಹಿಡಿದು ಎದ್ದಳು. ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ಸರ್ ಏನೇನೋ ಹೇಳಿದರು. ಅವಳು ಡಬ್ಬಿ ಎತ್ತಿಕೊಂಡು ಹೊರಗೆ ಹೋದಳು. ಕಾರಿಡಾರಿನಲ್ಲಿ ಅವಳ ಚಪ್ಪಲಿಯ ಸದ್ದು. ಒಂದು ಕಾಲು ಎಳೆಯುತ್ತಾಳೆ. ಸದ್ದು ನಿಲ್ಲುವ ತನಕ ಕೂತಿದ್ದೆ. ಅಷ್ಟು ಹೊತ್ತು ಕೂತಿದ್ದೆ.

ಆಮೇಲೆ ಎದ್ದೆ.

"ಸರ್, ನಾನು ವಿದ್ಯಾರ್ಥಿನಿ ಅಲ್ಲ. ಈ ಪಾಠ ಮೂರು ವರ್ಷದಿಂದ ಹೇಳುತ್ತಿರುವವಳು ನಾನು. ಹೋದವಳು ನನ್ನ ಅಜ್ಜಿ. ಅವಳ ಹೆಸರು ರಾಜವ್ವ ಅಲ್ಲ, ರಾಜಬಿ. ಕಥೆ ಸಂಗ್ರಹಿಸಿದವಳು ನಾನು. ಅಲ್ಲಿ ಕುರ್ಚಿಯಲ್ಲಿ ಕೂತವರಲ್ಲಿ ಮೂವರನ್ನು ಈ ಮಕ್ಕಳು ಇವತ್ತೇ ಮೊದಲು ನೋಡಿದ್ದು."

ಈಗ ಏನಾದರೂ ಆಗುತ್ತದೆ ಎಂದುಕೊಂಡೆ. ನಾನು ಕಥೆ ಕೇಳಿ ಬೆಳೆದವಳು. ಮೆಟ್ಟಿಲೇರಿ ಬಂದರೆ ರಾಜ ನಾಚುತ್ತಾನೆ ಎಂದು ನಂಬಿದವಳು.

ಮಲ್ಲಿನಾಥ ಸರ್ ಮೆಲ್ಲಗೆ ನಕ್ಕರು. "ನಾಟಕದ ಹುಚ್ಚು ಸರ್ ಈ ಹುಡುಗಿಗೆ. ಪ್ರಶ್ನೆ ಮಾಡುವುದನ್ನೇ ನಾವು ಕಲಿಸುತ್ತೇವೆ."

ಅಧ್ಯಕ್ಷರು ನನ್ನನ್ನು ಅಡಿಯಿಂದ ಮುಡಿಯ ತನಕ ನೋಡಿದರು. ಬಿಳಿ ಓಢಣಿಯನ್ನೂ. "ಒಳ್ಳೆಯದು. ವಿದ್ಯಾರ್ಥಿಗಳಲ್ಲಿ ಧೈರ್ಯವಿದೆ," ಎಂದು ಪಕ್ಕದವರಿಗೆ ಹೇಳಿದರು. ಪಕ್ಕದವರು ಬರೆದುಕೊಂಡರು. ನನ್ನ ಸಿಟ್ಟು ಕೂಡ ಆ ಆನರ್ಸ್‌ನ ಲೆಕ್ಕಕ್ಕೆ ಜಮೆಯಾಯಿತು.

ಗೇಟಿಗೆ ಓಡಿದೆ. ನಾನಿ ಇರಲಿಲ್ಲ. ಕಾರು ನಿಂತೇ ಇತ್ತು, ಅವಳು ಹತ್ತಿರಲಿಲ್ಲ. ಬಸ್ಸು ಹಿಡಿದು ತಿಕೋಟಾಕ್ಕೆ ಹೋದೆ. ಮನೆಗೆ ಬೀಗ. ಶೆಡ್ಡಿಗೆ ಹೋದೆ.

ಮಟಮಟ ಮಧ್ಯಾಹ್ನ. ತಗಡಿನ ಕೆಳಗೆ ಹೆಂಗಸರು ಸಾಲಾಗಿ ಕೂತಿದ್ದರು. ನಾನಿ ತನ್ನ ಜಾಗದಲ್ಲಿದ್ದಳು. ಹಸಿರು ಸೀರೆಯ ಮೇಲೆ ಹಳೆಯ ಅಂಗಿ ತೊಟ್ಟು ದೇಟು ಕೀಳುತ್ತಿದ್ದಳು. ಅರ್ಧ ದಿನದ ಕೆಲಸಕ್ಕೆ ಬಂದು ಕೂತಿದ್ದಳು. ಅವಳ ಗೆಳತಿ ರಾಚವ್ವ ನನ್ನನ್ನು ನೋಡಿ ಸ್ವಲ್ಪ ಸರಿದು ಜಾಗ ಬಿಟ್ಟಳು.

"ನಾನಿ."

"ಬಿಸಿಲಾಗ ಯಾಕ ಬಂದಿ. ಸಾಲಿ ಬಿಟ್ಟತೇನ?"

"ನಾನಿ, ನಾ ಅಲ್ಲೇ ಇದ್ದೆ."

"ಹೂಂ." ಆ ಹೂಂ ಕಥೆಯದಲ್ಲ. ಬಾಗಿಲು ಮುಚ್ಚುವಂಥದ್ದು. ಅವಳು ಬೆರಳುಗಳನ್ನು ಮೂಗಿಗೆ ಹಿಡಿದಳು. "ಇವು ನಾರತಾವೇನ ಬೇ? ಬರೂಮುಂದ ಸಾಬಣಾ ಹಚ್ಚಿ ಮೂರ ಸಲ ತೊಳದಿದ್ದೆ."

"ಅಲ್ಲ ನಾನಿ. ನಿನ್ನ ಗುರುತ ಹಿಡಿಲಾರದ..."

"ಗುರುತ ಹಿಡಿದಿ. ಅದಕ್ಕ ತಲಿ ಬಗ್ಗಿಸಿದಿ. ತಪ್ಪಿಲ್ಲ. ದೊಡ್ಡ ಮಂದಿ ಮುಂದ ನನ್ನಂಥಾಕಿ ಬಂದ್ರ ನಿನಗೂ ಹೆಂಗೋ ಆಗತೈತಿ. ಮೊದಲ ಹೇಳಿದ್ರ ನಾ ಬರತಿದ್ದಿಲ್ಲ."

"ನನಗ ಕುರ್ಚಿ ಇಲ್ಲ ನಾನಿ. ಎಂದೂ ಇದ್ದಿಲ್ಲ. ಹುಡುಗಿ ಹಂಗ ಕುಂದರಂದ್ರು, ಕುಂತೆ. ಹೂಂ ಅಂದಿದ್ರ ಜೂನ್ ತಿಂಗಳಾಗ ತಗದ ಹಾಕತಿದ್ರು. ಅದಕ್ಕ ಅನ್ನಲಿಲ್ಲ."

ನಾನಿ ಮೊದಲ ಸಲ ನನ್ನ ಮುಖ ನೋಡಿದಳು. ಬಹಳ ಕರುಣೆಯಿಂದ ನೋಡಿದಳು.

"ನನಗ ಬ್ಯಾಸರ ಆಗಬಾರದಂತ ಈಗ ಕುರ್ಚಿ ಇಲ್ಲ ಅಂತೀ. ಹಂಗ ಅನ್ನಬ್ಯಾಡ ಸಮ್ಮೂ. ಇರೂದನ್ನ ಇಲ್ಲ ಅನ್ನಬಾರದು."

ನನ್ನ ಸುಳ್ಳು ಅಷ್ಟು ಗಟ್ಟಿಯಾಗಿತ್ತು. ನಿಜ ಅದರ ಮುಂದೆ ನಿಲ್ಲಲಿಲ್ಲ. ನಾನು ಅಳುತ್ತಾ ರಾಶಿಗೆ ಕೈ ಹಾಕಿದೆ, ಏನಾದರೂ ಹಿಡಿದುಕೊಳ್ಳಬೇಕಿತ್ತು. ಅವಳು ಕೈ ಹೊಡೆದಳು.

"ಮುಟ್ಟಬ್ಯಾಡ. ನಿನ್ನ ಕೈ ಇದಕ್ಕಲ್ಲ."

ಆಗ ಫೋನ್ ಬಂತು. ಮಲ್ಲಿನಾಥ ಸರ್. ನನ್ನ ಹಳೆಯ ಫೋನಿನ ಮಾತು ಪಕ್ಕದವರಿಗೆಲ್ಲಾ ಕೇಳಿಸುತ್ತದೆ.

"ಸಮ್ರೀನ, ಕಮಿಟಿ ಮೂಲ ಧ್ವನಿ ಕೇಳಾಕತ್ತೈತಿ. ಅಜ್ಜಿ ಕಥಿ ಎಲ್ಲಿಟ್ಟೀರಿ? ನಾವು ಕಪಾಟೆಲ್ಲಾ ಹುಡಕೇವಿ, ಐದೂ ಮಂದಿ ಹುಡಕೇವಿ."

ನಾನು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡೆ.

"ನೋಡ್ರಿ, ಬೆಳಗಿಂದು ಮರತ ಬಿಡೂಣು. ನಾಕ ಗಂಟೆ ಒಳಗ ತಂದು ಕೊಡ್ರಿ. ಜೂನ್ ಯಾದ್ಯಾಗ ಮೊದಲ ಹೆಸರ ನಿಮ್ದ. ಮೆಟ್ಟಲಾ ಕೆಳಗೂ ಕುಂದರೂದು ಬ್ಯಾಡ, ಒಂದ ಕುರ್ಚಿನೂ ಹಾಕಸತೇನಿ."

ಬ್ಯಾಗು ನನ್ನ ತೊಡೆಯ ಮೇಲಿತ್ತು. ಪೆನ್‌ಡ್ರೈವ್ ಅದರೊಳಗಿತ್ತು. ನಲವತ್ತೆರಡು ಕಥೆ. ಸಾವಿರಾರು ಹೂಂ.

"ನನಗ ಹೆಂಗ ಗೊತ್ತಿರತೈತ್ರಿ ಸರ್," ಎಂದೆ. "ನಾ ವಿದ್ಯಾರ್ಥಿನಿ."

"ಸಮ್ರೀನ, ವಿಚಾರ ಮಾಡಿ ಮಾತಾಡ್ರಿ."

"ಕುರ್ಚ್ಯಾಗ ಕುಂತವರನ್ನ ಕೇಳ್ರಿ. ಅವರಿಗಿ ಗೊತ್ತಿರಬೇಕು."

ಫೋನ್ ಕಟ್ ಮಾಡಿದೆ. ಗೆದ್ದೆ ಅನಿಸಲಿಲ್ಲ. ಮೂರು ವರ್ಷ, ಹನ್ನೊಂದು ಮಕ್ಕಳು, ಲಕ್ಷ್ಮಿಯ ಅರ್ಧ ತಿದ್ದಿದ ಪ್ರಬಂಧ. ಎಲ್ಲಾ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು. ಉಳಿದ ಹೆಂಗಸರ ಬೆರಳುಗಳು ಆಡುತ್ತಿದ್ದವು. ನಾನಿಯ ಬೆರಳುಗಳು ನಿಂತಿದ್ದವು.

"ಮೆಟ್ಟಲಾ ಕೆಳಗ?" ಎಂದಳು.

"ಹೌದು ನಾನಿ."

"ಮೂರೂ ವರ್ಷ?"

"ಮೂರೂ ವರ್ಷ."

ಅವಳು ಕೈಯಲ್ಲಿದ್ದ ಮಣೂಕವನ್ನು ರಾಶಿಗೆ ಹಾಕಿದಳು. ನನಗೆ ಬೇರೇನೂ ತೋಚಲಿಲ್ಲ. ಅವಳು ಬೆಳಿಗ್ಗೆ ಬಿಟ್ಟ ಕಡೆಯಿಂದ ನಾನೇ ಹಿಡಿದೆ. "ಒಬ್ಬ ರಾಜ ಇದ್ದ," ಎಂದೆ. ನಾನಿ ಹೂಂ ಅನ್ನಲಿಲ್ಲ. ರಾಚವ್ವ ಅಂದಳು. ನಾನು ಏಳು ರಾಣಿಯರನ್ನು ತಂದೆ, ಸರದಾರನನ್ನು ಊಟಕ್ಕೆ ಕೂರಿಸಿದೆ. ಉಪ್ಪು ಕೇಳಿಸಿದೆ. ಗಡಿಗೆ ಎಲ್ಲಿದೆ ಎಂದು ಒಬ್ಬಳಿಗೂ ಗೊತ್ತಿಲ್ಲ ಎಂದೆ. ಅತ್ತ ಕಡೆಯ ಹೆಂಗಸರೂ ಕೈ ನಿಲ್ಲಿಸಿದ್ದರು.

"ಆಗ ಎಂಟನೇದಾಕಿ ಮುಷ್ಟಿ ತುಂಬ ಉಪ್ಪ ಹಿಡಕೊಂಡು ಪಾವಟಿಗಿ ಏರಿ ಮ್ಯಾಲ ಬಂದ್ಲು."

"ಬರಲಿಲ್ಲ," ಎಂದಳು ನಾನಿ.

ನಾನು ನಿಲ್ಲಿಸಿದೆ.

"ಆಕಿ ಬರಲಿಲ್ಲ. ಉಪ್ಪಿನ ಗಡಿಗಿ ಬಗಲಾಗ ಇಟಗೊಂಡು ಹಿತ್ತಲ ಬಾಗಲಾ ತಗದ್ಲು. ಹೊಂಟ ಹೋದ್ಲು."

ಇಪ್ಪತ್ತಾರು ವರ್ಷ ನಾನು ಕೇಳಿದ ಕಥೆ ಇದಾಗಿರಲಿಲ್ಲ. ಅವಳು ನೆಲ ನೋಡುತ್ತಾ ಕಾದಳು. ಆ ಜಾಗ ನನ್ನದು.

"ಹೂಂ," ಎಂದೆ.

ತಡವಾಗಿ ಬಂದ ಹೂಂ. ಅವಳು ಮುಂದೆ ಹೇಳಲಿಲ್ಲ.

"ಎಲ್ಲಿಗಿ ಹೋದ್ಲು ನಾನಿ?"

ನಾನಿ ತನ್ನ ಮುಂದಿನ ರಾಶಿಯನ್ನು ಅಂಗೈಯ ಅಂಚಿನಿಂದ ಎರಡು ಪಾಲು ಮಾಡಿದಳು. ಒಂದು ಪಾಲನ್ನು ನನ್ನ ಕಡೆಗೆ ಸರಿಸಿದಳು.